ಸ್ಕ್ಯಾನ್ ನಾರ್ಮಲ್, ತಲೆ ಮಾತ್ರ ಸರಿಯಿಲ್ಲ: ಕನ್‌ಕಷನ್ ಆದವರು ಮನೆಯಲ್ಲಿ ಏನು ಮಾಡಬೇಕು

ಆಷಾಢದಲ್ಲಿ ಒಂದು ಬೆಳಿಗ್ಗೆ ನಾನು ನಮ್ಮನೆ ಅಂಗಳದಲ್ಲೇ ಜಾರಿ ಬಿದ್ದೆ. ಮಲೆನಾಡಿನವರಿಗೆ ಗೊತ್ತಿರುತ್ತದೆ, ಮಳೆ ಹಿಡಿದು ತಿಂಗಳಾಗುವುದರೊಳಗೆ ಅಂಗಳಕ್ಕೆ ಪಾಚಿ ಕಟ್ಟುತ್ತದೆ, ಅದಕ್ಕೇ ಓಡಾಡುವ ಜಾಗಕ್ಕೆಲ್ಲ ಅಡಿಕೆ ದಬ್ಬೆ ಹಾಸುತ್ತೇವೆ. ನಾನು ದಬ್ಬೆ ಬಿಟ್ಟು ಪಕ್ಕದಲ್ಲಿ ಕಾಲಿಟ್ಟೆ. ಕೈಯಲ್ಲಿ ಹಾಲಿನ ಪಾತ್ರೆ ಇತ್ತು, ಅದನ್ನು ಉಳಿಸಲು ಹೋಗಿ ತಲೆಯ ಹಿಂಭಾಗ ಜಗಲಿಯ ಮೆಟ್ಟಿಲಿಗೆ ಬಡಿಯಿತು. ಎಚ್ಚರ ತಪ್ಪಲಿಲ್ಲ. ರಕ್ತ ಬರಲಿಲ್ಲ. ಒಂದು ಬುಗುಟು ಎದ್ದಿತು, ಅಷ್ಟೇ. ಉಳಿದ ಹಾಲನ್ನು ಒಳಗೆ ತಂದು ಕಾಯಿಸಿದೆ. ಹತ್ತು ನಿಮಿಷ ಬಿಟ್ಟು ಅದೇ ಹಾಲನ್ನು ಮತ್ತೆ ಒಲೆಯ ಮೇಲೆ ಇಡಲು ಹೋದಾಗ ಅತ್ತೆ, "ಆಗ್ಲೇ ಕಾಯಿಸಿದ್ಯಲ್ಲೇ" ಅಂದರು. ನನಗೆ ನೆನಪೇ ಇರಲಿಲ್ಲ.

ಮಧ್ಯಾಹ್ನ ಒಂದು ಸಲ ವಾಂತಿಯಾಯಿತು. ಶಿವಮೊಗ್ಗಕ್ಕೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ನಾರ್ಮಲ್. "ಕನ್‌ಕಷನ್ ಆಗಿದೆ, ಮನೆಗೆ ಹೋಗಿ ರೆಸ್ಟ್ ತಗೊಳ್ಳಿ" ಅಂದರು ಡಾಕ್ಟರು. ಕನ್‌ಕಷನ್ ಅಂದರೆ ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಾಡಿ, ಸ್ವಲ್ಪ ಕಾಲ ಅದರ ಕೆಲಸ ಏರುಪೇರಾಗುವುದು. ಈ ರೆಸ್ಟ್ ಅನ್ನುವುದನ್ನು ನಾನು ಎರಡು ಸಲ ತಪ್ಪು ತಿಳಿದೆ. ಸ್ಕ್ಯಾನೇ ನಾರ್ಮಲ್ ಅಂದ ಮೇಲೆ ಇನ್ನೇನು ಅಂತ ಮೊದಲು ನಾಲ್ಕನೇ ದಿನಕ್ಕೇ ಕೆಲಸಕ್ಕೆ ಹೋದೆ. ಅಲ್ಲಿ ಕೆಟ್ಟ ಮೇಲೆ ಹೆದರಿ, ಕಿಟಕಿಗೆ ಕಂಬಳಿ ಕಟ್ಟಿ ಹತ್ತು ದಿನ ಕತ್ತಲೆ ಕೋಣೆಯಲ್ಲಿ ಮಲಗಿದೆ. ಎರಡೂ ತಪ್ಪು. ಪೂರ್ತಿ ಸರಿಯಾಗಲು ಮೂರು ತಿಂಗಳು ಹಿಡಿಯಿತು. ನಾನು ಡಾಕ್ಟರಲ್ಲ, ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು. ಆಮೇಲೆ ಸಿಕ್ಕ ಒಬ್ಬ ಒಳ್ಳೆಯ ನ್ಯೂರಾಲಜಿಸ್ಟ್ ಮತ್ತು ಒಬ್ಬ ಫಿಸಿಯೋ ಹೇಳಿಕೊಟ್ಟದ್ದು, ನಾನು ಓದಿಕೊಂಡದ್ದು, ಪೆಟ್ಟು ತಿಂದು ಕಲಿತದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ನಿಮ್ಮ ಡಾಕ್ಟರು ಬೇರೆ ಹೇಳಿದ್ದರೆ ಅವರ ಮಾತೇ ಮುಂದೆ.

ಮೊದಲು: ಯಾವಾಗ ಓಡಬೇಕು

ತಲೆಗೆ ಜೋರು ಪೆಟ್ಟು ಬಿದ್ದವರನ್ನು ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ಆದರೆ ಕೆಲವು ಲಕ್ಷಣ ಕಂಡರೆ "ನಾಳೆ ನೋಡೋಣ" ಅನ್ನುವ ಹಾಗೇ ಇಲ್ಲ. ವಾಂತಿ ಮತ್ತೆ ಮತ್ತೆ ಆಗುವುದು, ತಲೆನೋವು ಗಂಟೆಗಂಟೆಗೂ ಏರುವುದು, ಫಿಟ್ಸ್, ಮಾತು ತೊದಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಕಣ್ಣಿನ ಪಾಪೆ ಒಂದು ದೊಡ್ಡದು ಒಂದು ಸಣ್ಣದು ಕಾಣುವುದು, ಮೂಗು ಕಿವಿಯಿಂದ ರಕ್ತವೋ ನೀರಿನಂಥದ್ದೋ ಸೋರುವುದು, ಮನೆಯವರ ಗುರುತು ಸಿಗದಿರುವುದು, ಎಬ್ಬಿಸಿದರೂ ಏಳದಂಥ ಮಂಪರು. ಇದರಲ್ಲಿ ಒಂದು ಕಂಡರೂ ಸಾಕು, 108ಕ್ಕೆ ಫೋನ್ ಮಾಡಿ. ಕುತ್ತಿಗೆ ಮೂಳೆ ನೋಯುತ್ತಿದ್ದರೆ ಅಥವಾ ಕೈಕಾಲು ಜೋಮು ಹಿಡಿದಿದ್ದರೆ ಎತ್ತಿ ಕೂರಿಸಿ ಆಟೋಗೆ ಹಾಕಬೇಡಿ, ಆಂಬುಲೆನ್ಸ್ ಬರುವವರೆಗೆ ಅಲುಗಾಡಿಸದೆ ಮಲಗಿಸಿ. ಬೆಂಗಳೂರಿನಲ್ಲಿ ಇರುವವರಿಗೆ ನಿಮ್ಹಾನ್ಸ್‌ನ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ.

ವಯಸ್ಸಾದವರ ವಿಷಯ ಬೇರೆ. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಿನ್ನುವವರ ವಿಷಯವೂ ಬೇರೆ. ಇವರಿಗೆ ಸಣ್ಣ ಪೆಟ್ಟಾದರೂ ಅದೇ ದಿನ ತೋರಿಸಿ. ತಲೆಯೊಳಗೆ ರಕ್ತ ನಿಧಾನಕ್ಕೆ, ವಾರಗಟ್ಟಲೆ ಸೋರಿ ಕಟ್ಟಿಕೊಳ್ಳಬಹುದು. ಬಚ್ಚಲಲ್ಲಿ ಬಿದ್ದ ಅಜ್ಜ ತಿಂಗಳಾದ ಮೇಲೆ ಕಾಲೆಳೆದು ನಡೆಯಲು, ಮಾತಿಗೆ ತಡವರಿಸಲು ಶುರು ಮಾಡಿದರೆ ವಯಸ್ಸಿನ ಮರೆವು ಅಂತ ಬಿಡಬೇಡಿ. ಬಿದ್ದದ್ದನ್ನು ಡಾಕ್ಟರಿಗೆ ನೆನಪು ಮಾಡಿ ಹೇಳಿ.

ನಿದ್ದೆ ಮಾಡಬಾರದು ಅನ್ನುವ ಮಾತು ನಮ್ಮನೆಯಲ್ಲೂ ಬಂತು. ಅತ್ತೆ ರಾತ್ರಿ ಹನ್ನೊಂದರವರೆಗೆ ನನ್ನನ್ನು ಕೂರಿಸಿಕೊಂಡು ಊರ ಕಥೆಯೆಲ್ಲ ಹೇಳಿದರು. ಪ್ರೀತಿಯಿಂದಲೇ, ಆದರೆ ಅದು ಬೇಕಾಗಿರಲಿಲ್ಲ. ಡಾಕ್ಟರು ನೋಡಿ ಮನೆಗೆ ಕಳಿಸಿದ ಮೇಲೆ ನಿದ್ದೆಯೇ ಔಷಧಿ. ಮೊದಲ ರಾತ್ರಿ ಒಬ್ಬರು ಜೊತೆಗಿದ್ದು, ಎಷ್ಟು ಹೊತ್ತಿಗೊಮ್ಮೆ ಎಬ್ಬಿಸಿ ನೋಡಬೇಕು ಅಂತ ಡಾಕ್ಟರನ್ನು ಕೇಳಿಕೊಂಡು ಹಾಗೆ ಮಾಡಿದರೆ ಸಾಕು.

ಸ್ಕ್ಯಾನ್ ನಾರ್ಮಲ್ ಅಂದರೆ ಏನೂ ಆಗಿಲ್ಲ ಅಂತಲ್ಲ

ಸ್ಕ್ಯಾನಿನಲ್ಲಿ ಹುಡುಕುವುದು ರಕ್ತಸ್ರಾವವನ್ನು ಮತ್ತು ಬುರುಡೆಯ ಬಿರುಕನ್ನು. ಕನ್‌ಕಷನ್ ಅದರಲ್ಲಿ ಕಾಣುವುದಿಲ್ಲ. ತಂಬಿಗೆ ತುಂಬ ಗಟ್ಟಿ ಮೊಸರು ಹಿಡಿದುಕೊಂಡು ಘಟ್ಟದ ಬಸ್ಸಿನಲ್ಲಿ ಹೋದ ಹಾಗೆ ಅಂದುಕೊಳ್ಳಿ. ತಂಬಿಗೆಗೆ ಒಂದು ತಗ್ಗೂ ಬಿದ್ದಿರುವುದಿಲ್ಲ, ಒಳಗೆ ಮೊಸರು ಒಡೆದು ನೀರು ಬಿಟ್ಟಿರುತ್ತದೆ. ಮಿದುಳಿನ ನರಗಳು ಎಳೆದಾಡಿದಂತಾಗಿ ಅವುಗಳ ಒಳಗೆ ಇರಬೇಕಾದ ಪೊಟ್ಯಾಸಿಯಂ ಹೊರಗೆ, ಹೊರಗಿರಬೇಕಾದ ಕ್ಯಾಲ್ಸಿಯಂ ಒಳಗೆ ಸೇರಿಕೊಳ್ಳುತ್ತವೆ. ಅದನ್ನೆಲ್ಲ ಮತ್ತೆ ಜಾಗಕ್ಕೆ ಸೇರಿಸಲು ಮಿದುಳಿಗೆ ಜಾಸ್ತಿ ಶಕ್ತಿ ಬೇಕು, ಆದರೆ ಅದೇ ಹೊತ್ತಿಗೆ ರಕ್ತದ ಓಟ ಕಡಿಮೆಯಾಗಿರುತ್ತದೆ. ಸಂಬಳ ಅರ್ಧವಾದ ತಿಂಗಳೇ ಮನೆ ಮಾಡು ಸೋರಿದ ಹಾಗೆ. ಅದಕ್ಕೇ ಸಣ್ಣ ಕೆಲಸಕ್ಕೂ ಸುಸ್ತು.

ಎಚ್ಚರ ತಪ್ಪದಿದ್ದರೆ ಕನ್‌ಕಷನ್ ಅಲ್ಲ ಅನ್ನುವುದೂ ಸುಳ್ಳು. ಆಟದಲ್ಲಿ ಪೆಟ್ಟು ತಿಂದವರನ್ನು ಲೆಕ್ಕ ಹಾಕಿದರೆ ಎಚ್ಚರ ತಪ್ಪುವುದು ಹತ್ತರಲ್ಲಿ ಒಬ್ಬರಿಗೂ ಇಲ್ಲ. ಲಕ್ಷಣಗಳು ತಡವಾಗಿ ಬರುವುದೂ ಉಂಟು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಇಂಗ್ಲೆಂಡಿನ ಆರ್ಚರ್ ಹಾಕಿದ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದದ್ದು ನೆನಪಿದೆ ಅಲ್ವಾ? ಅವತ್ತು ಪರೀಕ್ಷೆಯಲ್ಲಿ ಪಾಸಾಗಿ ಮತ್ತೆ ಬಂದು ಬ್ಯಾಟ್ ಮಾಡಿ 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು. ಅವರ ಬದಲಿಗೆ ಲಬುಶೇನ್ ಇಳಿದರು, ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್‌ಕಷನ್ ಬದಲಿ ಆಟಗಾರ ಅವರೇ. ಹಾಗಾಗಿ ಬಿದ್ದ ದಿನ ಚೆನ್ನಾಗಿದ್ದೇನೆ ಅನ್ನಿಸಿದರೂ ಎರಡು ದಿನ ನಿಮ್ಮ ಮೇಲೆ ಒಂದು ಕಣ್ಣಿರಲಿ.

ಮೊದಲ ಎರಡು ದಿನ

ಈ 24ರಿಂದ 48 ಗಂಟೆ ನಿಜವಾಗಿಯೂ ರೆಸ್ಟ್. ಹಾಗಂತ ಹಾಸಿಗೆ ಹಿಡಿಯಬೇಕಿಲ್ಲ. ಎದ್ದು ಸ್ನಾನ ಮಾಡಿ, ಊಟ ಮಾಡಿ, ಮನೆಯೊಳಗೆ ಓಡಾಡಿ, ಜಗಲಿಯಲ್ಲಿ ಕೂತು ಮಳೆ ನೋಡಿ. ಮೊಬೈಲ್ ಮಾತ್ರ ಬೇರೆಯವರ ಕೈಗೆ ಕೊಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮೆರಿಕದಲ್ಲಿ 12ರಿಂದ 25 ವಯಸ್ಸಿನ 125 ಜನರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೊದಲ 48 ಗಂಟೆ ಸ್ಕ್ರೀನ್ ನೋಡದವರು ಸುಮಾರು ಮೂರೂವರೆ ದಿನದಲ್ಲಿ ಚೇತರಿಸಿಕೊಂಡರು, ನೋಡಿದವರಿಗೆ ಎಂಟು ದಿನ ಬೇಕಾಯಿತು. ಎರಡು ದಿನ ವಾಟ್ಸಾಪ್ ನೋಡದಿದ್ದರೆ ಆಕಾಶವೇನೂ ಬೀಳುವುದಿಲ್ಲ.

ತಲೆನೋವಿಗೆ ಪ್ಯಾರಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ಥರದವು ರಕ್ತಸ್ರಾವಕ್ಕೆ ದಾರಿ ಮಾಡಬಹುದು, ಡಾಕ್ಟರು ಹೇಳದೆ ಮೊದಲ ದಿನಗಳಲ್ಲಿ ಬೇಡ. ಹೃದಯಕ್ಕೆ ಅಂತ ದಿನಾ ತಿನ್ನುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೇಳಿ. ನಿದ್ದೆ ಮಾತ್ರೆ ಬೇಡ, ಗುಂಡು ಬೇಡ. ಗಾಡಿ ಓಡಿಸುವುದಂತೂ ಬೇಡವೇ ಬೇಡ. ಕಾಫಿ ಕುಡಿಯುವವರು ಎಂದಿನಷ್ಟೇ ಕುಡಿಯಿರಿ, ಥಟ್ಟನೆ ಬಿಟ್ಟರೆ ಅದಕ್ಕೂ ತಲೆ ನೋಯುತ್ತದೆ.

ಇನ್ನೊಂದು. ಬಿದ್ದವರಿಗೆ ತಲೆಗೆ ಎಣ್ಣೆ ಹಾಕಿ ಗಸಗಸ ತಿಕ್ಕುವವರು ಇದ್ದಾರೆ. ಸಲೂನಿನಲ್ಲಿ ಕುತ್ತಿಗೆ ಹಿಡಿದು ಲಟಕ್ ಅನ್ನಿಸುವವರೂ ಇದ್ದಾರೆ. ಹತ್ತಿರ ಸೇರಿಸಬೇಡಿ. ಹಾಗೆ ತಿರುಚುವಾಗ ಕುತ್ತಿಗೆಯ ರಕ್ತನಾಳಕ್ಕೇ ಗಾಯವಾಗಬಹುದು.

ಮೂರನೇ ದಿನದಿಂದ: ನಡೆಯಿರಿ, ನಂಬರ್ ಹಾಕಿ

ನಾನು ದಾರಿ ತಪ್ಪಿದ್ದು ಇಲ್ಲೇ. ಪೂರ್ತಿ ವಾಸಿಯಾದ ಮೇಲೆ ಏಳಬೇಕು ಅನ್ನುವುದು ಹಳೆಯ ಸಲಹೆ. ಈಗ ತಜ್ಞರು ಅದನ್ನು ಒಪ್ಪುವುದಿಲ್ಲ. ಆಟದಲ್ಲಾಗುವ ಕನ್‌ಕಷನ್ ಬಗ್ಗೆ 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ ತಜ್ಞರು ಹೇಳಿದ್ದೂ ಇದನ್ನೇ: ಕಟ್ಟುನಿಟ್ಟಾದ ವಿಶ್ರಾಂತಿಯಿಂದ ಲಾಭವಿಲ್ಲ, ಒಂದೆರಡು ದಿನ ಕಳೆದ ಮೇಲೆ ಹಗುರವಾದ ನಡಿಗೆ ಶುರು ಮಾಡಿ. ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಜಾನ್ ಲೆಡ್ಡಿ ತಂಡ ಹದಿಹರೆಯದ ಆಟಗಾರರ ಮೇಲೆ ಇದನ್ನು ನೋಡಿತು. 2019ರಲ್ಲಿ ಬಂದ ಅವರ ವರದಿಯಲ್ಲಿ, ದಿನಾ ಅಳತೆಗೆ ತಕ್ಕಷ್ಟು ಏರೋಬಿಕ್ ವ್ಯಾಯಾಮ (ನಡಿಗೆ, ಸೈಕಲ್ ಥರದ್ದು) ಮಾಡಿದವರು 13 ದಿನದಲ್ಲಿ ಸರಿಯಾದರು, ಬರೀ ಸ್ಟ್ರೆಚಿಂಗ್ ಮಾಡಿದವರಿಗೆ 17 ದಿನ ಹಿಡಿಯಿತು.

ಅಳತೆ ಹೇಗೆ? ಒಂದು ನೋಟ್‌ಬುಕ್ ಇಡಿ. ಹೊರಡುವ ಮೊದಲು ತಲೆನೋವು, ತಲೆಸುತ್ತು, ಮಂಕು, ಎಲ್ಲ ಸೇರಿ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಒಂದು ನಂಬರ್ ಬರೆಯಿರಿ. ಎರಡು ಅಂದುಕೊಳ್ಳಿ. ಮಾತಾಡುತ್ತಾ ನಡೆಯಬಹುದಾದ ವೇಗದಲ್ಲಿ, ಸಮತಟ್ಟಾದ ಜಾಗದಲ್ಲಿ, ಹತ್ತು ನಿಮಿಷ ನಡೆಯಿರಿ. ಬಂದು ಮತ್ತೆ ನಂಬರ್ ಹಾಕಿ. ಮೂರಾಗಿದ್ದು ಒಂದು ಗಂಟೆಯೊಳಗೆ ಮತ್ತೆ ಎರಡಕ್ಕೆ ಇಳಿದರೆ ಪರವಾಗಿಲ್ಲ, ನಾಳೆಯೂ ಅಷ್ಟೇ ಮಾಡಿ, ನಾಳಿದ್ದು ಎರಡು ಮೂರು ನಿಮಿಷ ಜಾಸ್ತಿ ಮಾಡಿ. ಹೊರಡುವಾಗ ಇದ್ದದ್ದಕ್ಕಿಂತ ಎರಡು ಅಂಕಕ್ಕೂ ಜಾಸ್ತಿ ಏರಿದರೆ, ಅಥವಾ ಸಂಜೆಯವರೆಗೂ ಇಳಿಯದಿದ್ದರೆ, ಅಳತೆ ಮೀರಿದಿರಿ ಅಂತ ಅರ್ಥ. ನಾಳೆ ಅರ್ಧ ಮಾಡಿ. ಪೂರ್ತಿ ಬಿಡಬೇಡಿ.

ಸ್ವಲ್ಪ ತಲೆನೋವು ಏರಿದರೆ ಮಿದುಳಿಗೆ ಮತ್ತೆ ಏಟು ಬಿತ್ತು ಅಂತ ನಾನು ನಡುಗುತ್ತಿದ್ದೆ. ಹಾಗಲ್ಲ ಅಂತ ಅರ್ಥವಾಗಲು ಎರಡು ವಾರ ಬೇಕಾಯಿತು. ಕತ್ತಲೆ ಕೋಣೆಯಲ್ಲಿ ಮಲಗಿದ್ದಾಗ ಬೆಳಕು ಇನ್ನೂ ಚುಚ್ಚುತ್ತಾ ಹೋಯಿತು. ಎಂಟನೇ ದಿನಕ್ಕೆ ಕುಕ್ಕರ್ ಸೀಟಿ ಅಲ್ಲ, ಸಾಸಿವೆ ಚಟಪಟ ಅನ್ನುವುದೂ ತಲೆಯೊಳಗೇ ಸಿಡಿದ ಹಾಗೆ ಕೇಳುತ್ತಿತ್ತು. ಬೆಳಕು, ಶಬ್ದ ಎರಡಕ್ಕೂ ಮಿದುಳು ಮತ್ತೆ ಒಗ್ಗಿಕೊಳ್ಳಬೇಕು, ಪೂರ್ತಿ ಮುಚ್ಚಿಟ್ಟರೆ ಒಗ್ಗುವುದು ಹೇಗೆ? ಬಿಸಿಲಿಗೆ ಹೋಗುವಾಗ ಕಪ್ಪು ಕನ್ನಡಕ ಹಾಕಿ, ಮನೆಯೊಳಗೆ ತೆಗೆಯಿರಿ. ಮದುವೆ ಮನೆಗೆ ಹೋಗಲೇಬೇಕಾದರೆ ವಾಲಗದವರಿಂದ ದೂರ ಕೂತು, ಊಟ ಮಾಡಿ ಬನ್ನಿ, ಕಿವಿಗೆ ಹತ್ತಿ ಇಟ್ಟುಕೊಂಡೇ ದಿನವಿಡೀ ಕಳೆಯಬೇಡಿ.

ಕೆಲಸಕ್ಕೆ ಹೋಗುವುದು

ನಾಲ್ಕನೇ ದಿನ ಸೊಸೈಟಿಗೆ ಹೋದವಳು ಹತ್ತೂವರೆಗೆ ಕಂಪ್ಯೂಟರ್ ತೆರೆದೆ. ಹನ್ನೊಂದೂ ಕಾಲಿಗೆ 6,480 ಅನ್ನುವ ಒಂದು ಅಂಕಿಯನ್ನು ಮೂರು ಸಲ ನೋಡಿ ಮೂರು ಸಲವೂ ಬೇರೆ ಬೇರೆ ಟೈಪ್ ಮಾಡಿದೆ. ಸಾಲುಗಳು ಒಂದರ ಮೇಲೊಂದು ತೇಲುತ್ತಿದ್ದವು. ಎದುರು ಕೂತ ಸದಸ್ಯರೊಬ್ಬರು ಸಾಲದ ಕಂತಿನ ವಿಷಯ ಹೇಳುತ್ತಿದ್ದರು, ಶಬ್ದ ಕೇಳುತ್ತಿತ್ತು, ಮಾತು ಒಳಗೆ ಇಳಿಯುತ್ತಿರಲಿಲ್ಲ. ಸುಮ್ಮನೆ ತಲೆ ಆಡಿಸಿದೆ. ಮಧ್ಯಾಹ್ನ ಬಸ್ಸಿನಲ್ಲಿ ವಾಪಸ್ ಬರುವಾಗ ವಾಂತಿ.

ಹೀಗೆ ಮಾಡಬಾರದಿತ್ತು. ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ, "ಎರಡು ವಾರ ಅರ್ಧ ದಿನ ಕೆಲಸ, ನಡುವೆ ವಿರಾಮ" ಅಂತ ಸ್ಪಷ್ಟವಾಗಿ. ಬರೀ "ವಿಶ್ರಾಂತಿ ಬೇಕು" ಅಂತ ಬರೆದರೆ ಮ್ಯಾನೇಜರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಮೊದಲು ಮನೆಯಲ್ಲೇ ಅರ್ಧ ಗಂಟೆ ಲೆಕ್ಕ ಬರೆದು ಅಥವಾ ಪೇಪರ್ ಓದಿ ನೋಡಿ, ಅದು ತಡೆಯುತ್ತದೆ ಅಂದ ಮೇಲೆ ಹೋಗಿ. ಅಲ್ಲಿ ಮೂವತ್ತು ನಿಮಿಷ ಕೆಲಸ, ಹತ್ತು ನಿಮಿಷ ಎದ್ದು ಹೊರಗೆ. ವಿರಾಮದಲ್ಲಿ ಮೊಬೈಲ್ ನೋಡಿದರೆ ಅದು ವಿರಾಮವಲ್ಲ. ತಲೆನೋವು ಬಂದ ಮೇಲೆ ಏಳುವುದಲ್ಲ, ಗಡಿಯಾರ ನೋಡಿ ಏಳುವುದು. ಇದನ್ನು ಫಿಸಿಯೋ ನನಗೆ ಹತ್ತು ಸಲ ಹೇಳಿದರು. ಸ್ಕ್ರೀನಿನ ಬೆಳಕು ಇಳಿಸಿ, ಅಕ್ಷರ ದೊಡ್ಡದು ಮಾಡಿ, ದುಡ್ಡಿನ ವಿಷಯವನ್ನು ಇನ್ನೊಬ್ಬರ ಹತ್ತಿರ ಒಮ್ಮೆ ನೋಡಿಸಿ.

ಮನೆಗೆಲಸಕ್ಕೂ ಇದೇ ಲೆಕ್ಕ, ಆದರೆ ಅದಕ್ಕೆ ಯಾರೂ ಚೀಟಿ ಕೊಡುವುದಿಲ್ಲ ನೋಡಿ. ಕೈಗೆ ಕಟ್ಟು ಹಾಕಿದ್ದರೆ ಎಲ್ಲರೂ ಲೋಟ ಎತ್ತಿಡುತ್ತಾರೆ. ತಲೆಯೊಳಗಿನದು ಕಾಣುವುದಿಲ್ಲ. ಬಗ್ಗಿ ಗುಡಿಸುವುದು, ಬಾವಿಯಿಂದ ನೀರು ಸೇದುವುದು, ಒಟ್ಟಿಗೇ ಮೂರು ಒಲೆ ನೋಡಿಕೊಳ್ಳುವುದು, ಇವೆಲ್ಲ ಕೊನೆಗೆ ಬರಲಿ. ಮನೆಯವರಿಗೆ ಬಾಯಿಬಿಟ್ಟು ಹೇಳಿ. ನಾನು ಹೇಳಲಿಲ್ಲ. ಗೌರಿ ಹಬ್ಬಕ್ಕೆ, ಬಿದ್ದು ಏಳು ವಾರವಾಗಿತ್ತು, ಚೆನ್ನಾಗೇ ಇದ್ದೆ, ಬೆಳಗಿನ ನಾಲ್ಕಕ್ಕೆ ಎದ್ದು ಇಪ್ಪತ್ತು ಜನಕ್ಕೆ ಅಡುಗೆ, ಕಡುಬು, ಬಂದು ಹೋಗುವವರ ಮಾತು, ಪಕ್ಕದ ಕೇರಿಯ ಮೈಕು. ಮರುದಿನದಿಂದ ನಾಲ್ಕು ದಿನ ಮಲಗಿದೆ. ಮತ್ತೆ ಮೊದಲಿನಿಂದ ಶುರುವಾಯಿತು ಅಂತ ಅತ್ತುಬಿಟ್ಟೆ. ಆದರೆ ಮೊದಲಿನಿಂದ ಆಗಿರಲಿಲ್ಲ, ಐದನೇ ದಿನ ಹಬ್ಬಕ್ಕೆ ಮೊದಲು ಎಲ್ಲಿದ್ದೆನೋ ಅಲ್ಲಿಗೇ ಬಂದಿದ್ದೆ. ಇಂಥ ಹಿನ್ನಡೆ ಒಂದೆರಡು ಬರುತ್ತವೆ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಹೆದರಿಕೆ ಆಗುವುದಿಲ್ಲ.

ನಾಲ್ಕು ವಾರ ದಾಟಿದರೂ ಹೋಗದಿದ್ದರೆ

ದೊಡ್ಡವರಿಗೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ, ಮಕ್ಕಳಿಗೆ ನಾಲ್ಕು ವಾರದವರೆಗೆ ಹಿಡಿಯುತ್ತದೆ. ಅದನ್ನು ದಾಟಿ ಉಳಿದದ್ದನ್ನು "ಕನ್‌ಕಷನ್ ಇನ್ನೂ ಹೋಗಿಲ್ಲ" ಅಂತ ಒಂದೇ ಗಂಟು ಮಾಡಿ ನೋಡಬೇಡಿ. ಒಂದೊಂದಾಗಿ ಬಿಡಿಸಬೇಕು, ಒಂದೊಂದಕ್ಕೂ ಬೇರೆ ಬೇರೆ ಚಿಕಿತ್ಸೆ ಇದೆ.

ನನ್ನ ತಲೆಸುತ್ತು ನೋಡಿ. ಹಾಸಿಗೆಯಲ್ಲಿ ಬಲಕ್ಕೆ ಮಗ್ಗುಲಾದರೆ, ಅಟ್ಟದ ಕಡೆ ಕತ್ತೆತ್ತಿದರೆ, ಮಾಡು ಗಿರ್ರನೆ ತಿರುಗುತ್ತಿತ್ತು. ಅರ್ಧ ನಿಮಿಷ, ಆಮೇಲೆ ನಿಲ್ಲುತ್ತಿತ್ತು. ಐದು ವಾರ ಮಿದುಳಿನದೇ ತೊಂದರೆ ಅಂದುಕೊಂಡಿದ್ದೆ. ಇಎನ್‌ಟಿ ಡಾಕ್ಟರು ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆ ಒಂದು ಕಡೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣನ್ನೇ ನೋಡಿದರು. ಕಿವಿಯೊಳಗೆ ಸುಣ್ಣದ ಕಣಗಳಿರುತ್ತವೆ, ಪೆಟ್ಟಿಗೆ ಅವು ಜಾಗ ಬಿಟ್ಟು ಕೊಳವೆಗೆ ಬಿದ್ದಿವೆ ಅಂದರು. ಎಪ್ಲಿ ಅನ್ನುವ ವಿಧಾನದಲ್ಲಿ ತಲೆಯನ್ನು ಹಂತ ಹಂತವಾಗಿ ತಿರುಗಿಸಿ ಆ ಕಣಗಳನ್ನು ವಾಪಸ್ ಉರುಳಿಸಿದರು. ಹತ್ತು ನಿಮಿಷವೂ ಆಗಲಿಲ್ಲ. ಒಂದು ವಾರ ಬಿಟ್ಟು ಇನ್ನೊಂದು ಸಲ. ಮುಗಿಯಿತು. ಐದು ವಾರ ಸುಮ್ನೆ ಅನುಭವಿಸಿದ್ದೆ. ವಿಡಿಯೋ ನೋಡಿ ನೀವೇ ಮಾಡಿಕೊಳ್ಳಬೇಡಿ, ಯಾವ ಕಿವಿ ಅಂತ ಮೊದಲು ಗೊತ್ತಾಗಬೇಕು, ಕುತ್ತಿಗೆಗೆ ಪೆಟ್ಟಾಗಿಲ್ಲ ಅಂತಲೂ ಗೊತ್ತಾಗಬೇಕು. ಇದು ಬೇರೆ, ನಡೆಯುವಾಗ ತೇಲಿದ ಹಾಗೆ, ಸಂತೆಯಲ್ಲಿ ನಿಂತರೆ ವಾಲಿದ ಹಾಗೆ ಆಗುವುದು ಬೇರೆ. ಅದಕ್ಕೆ ಸಮತೋಲನದ ವ್ಯಾಯಾಮ ಹೇಳಿಕೊಡುವ ಫಿಸಿಯೋ ಬೇಕು.

ತಲೆನೋವಿನದು ಇನ್ನೊಂದು ಕಥೆ. ಹಿಂದಲೆಯಿಂದ ಹುಟ್ಟಿ ಕಣ್ಣಿನವರೆಗೆ ಬರುತ್ತಿದ್ದರೆ, ಕತ್ತು ತಿರುಗಿಸಿದರೆ ಜಾಸ್ತಿಯಾದರೆ, ಮೂಲ ಕುತ್ತಿಗೆಯಲ್ಲಿರಬಹುದು. ಬಿದ್ದಾಗ ತಲೆಯ ಜೊತೆ ಕುತ್ತಿಗೆಯೂ ಒದರಿರುತ್ತದಲ್ಲ. ಒಂದೇ ಕಡೆ ಮಿಡಿಯುತ್ತಾ, ವಾಕರಿಕೆ ಬಂದರೆ ಮೈಗ್ರೇನ್ ಥರದ್ದು, ಅದಕ್ಕೆ ಬೇರೆ ಔಷಧಿ. ಇನ್ನು ಮಾತ್ರೆಯಿಂದಲೇ ಬರುವ ತಲೆನೋವು ಒಂದಿದೆ, ಇದನ್ನು ಯಾರೂ ನಂಬುವುದಿಲ್ಲ. ಪ್ಯಾರಸಿಟಮಾಲ್ ಥರದ ಸಾದಾ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವನ್ನು ಉಳಿಸಿಕೊಳ್ಳುತ್ತದೆ. ಎರಡು ಮೂರು ಔಷಧಿ ಸೇರಿಸಿ ಮಾಡಿದ ಮಾತ್ರೆಗೆ ತಿಂಗಳಿಗೆ 10 ದಿನವೇ ಮಿತಿ. ನುಂಗಿದ ದಿನ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯಿರಿ.

ಓದುವಾಗ ಸಾಲು ತಪ್ಪುವುದು, ಅಕ್ಷರ ಎರಡಾಗುವುದು ಇದ್ದರೆ ಬರೀ ಕನ್ನಡಕದ ನಂಬರ್ ನೋಡಿಸಿ ಸುಮ್ಮನಾಗಬೇಡಿ. ಎರಡು ಕಣ್ಣೂ ಒಟ್ಟಿಗೆ ಒಳಕ್ಕೆ ತಿರುಗುತ್ತವೆಯಾ ಅಂತ ಪರೀಕ್ಷೆ ಮಾಡಿ ಅಂತ ಕೇಳಿ. ಅದಕ್ಕೆ ಕಣ್ಣಿನ ವ್ಯಾಯಾಮ ಇದೆ.

ನಿದ್ದೆಗೆ ಒಂದೇ ಮಾತು. ಏಳುವ ಹೊತ್ತು ದಿನಾ ಒಂದೇ ಇರಲಿ, ಹಗಲು ಮಲಗಿದರೆ ಅರ್ಧ ಗಂಟೆ ಮೀರದಿರಲಿ.

ಮನಸ್ಸಿನ ವಿಷಯ ಹೇಳಲು ಸ್ವಲ್ಪ ಸಂಕೋಚ. ನಾನು ಸುಲಭಕ್ಕೆ ಅಳುವವಳಲ್ಲ. ಆ ದಿನಗಳಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ಅತ್ತಿದ್ದೇನೆ, ಮಗಳು ಪೆನ್ಸಿಲ್ ಬೀಳಿಸಿದ್ದಕ್ಕೆ ಕಿರುಚಿದ್ದೇನೆ. "ಟೆನ್ಷನ್ ಮಾಡ್ಕೋಬೇಡ" ಅಂದವರ ಮೇಲೆ ಇನ್ನೂ ಸಿಟ್ಟು. ಪೆಟ್ಟಿನಿಂದಲೂ ಹೀಗಾಗುತ್ತದೆ, ತಿಂಗಳುಗಟ್ಟಲೆ ಹುಷಾರಿಲ್ಲದೆ ಕೂತದ್ದಕ್ಕೂ ಹೀಗಾಗುತ್ತದೆ, ಎರಡಕ್ಕೂ ಚಿಕಿತ್ಸೆ ಇದೆ. ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಕುಗ್ಗಿದ್ದರೆ ಡಾಕ್ಟರಿಗೆ ಹೇಳಿ. ಬದುಕೇ ಬೇಡ ಅನ್ನಿಸಿದರೆ ಆ ಹೊತ್ತಿಗೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಕ್ಕಳು, ಆಟ, ಗಾಡಿ

ಕಬಡ್ಡಿಯಲ್ಲೋ ಕ್ರಿಕೆಟ್ಟಿನಲ್ಲೋ ತಲೆಗೆ ಪೆಟ್ಟಾದ ಮಗುವನ್ನು ಅವತ್ತು ಮತ್ತೆ ಮೈದಾನಕ್ಕೆ ಇಳಿಸಬೇಡಿ. ಫೈನಲ್ ಆದರೂ ಸರಿ. ಮೊದಲನೆಯದು ಮಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಚೇತರಿಕೆ ಉದ್ದವಾಗುತ್ತದೆ, ಅಪರೂಪಕ್ಕೆ ಮಿದುಳು ಊದಿ ಜೀವಕ್ಕೇ ಕುತ್ತು ಬರುತ್ತದೆ. ಮೊದಲು ಶಾಲೆ, ಅರ್ಧ ದಿನದಿಂದ, ಹೋಂವರ್ಕ್ ಕಡಿಮೆ ಮಾಡಿಸಿ. ಮೇಲೆ ಹೇಳಿದ ನಡಿಗೆ ಜೊತೆಗೇ ಇರಲಿ. ಪಾಠ ಪೂರ್ತಿ ತಡೆದುಕೊಂಡ ಮೇಲೆ ಆಟ, ಅದೂ ಮೆಟ್ಟಿಲು ಮೆಟ್ಟಿಲಾಗಿ: ಹಗುರ ಓಟ, ಯಾರ ಮೈಯೂ ತಾಗದ ಅಭ್ಯಾಸ, ಕೊನೆಗೆ ಡಾಕ್ಟರು ಸರಿ ಅಂದ ಮೇಲೆ ಪಂದ್ಯ. ಒಂದೊಂದು ಮೆಟ್ಟಿಲಿಗೆ ಕಡಿಮೆ ಅಂದರೂ ಒಂದು ದಿನ. ದೊಡ್ಡವರಲ್ಲಿ ಯೋಗ ಮಾಡುವವರು ಶೀರ್ಷಾಸನ, ಕಪಾಲಭಾತಿ ಎಲ್ಲ ಕೊನೆಗೆ ಇಟ್ಟುಕೊಳ್ಳಿ.

ಸ್ಕೂಟರ್ ಹತ್ತುವ ಮೊದಲು ನಿಂತಲ್ಲೇ ಕತ್ತು ಎಡಕ್ಕೆ ಬಲಕ್ಕೆ ಬೇಗ ತಿರುಗಿಸಿ ನೋಡಿ. ಸ್ವಲ್ಪ ಸುತ್ತಿದರೂ ಇವತ್ತು ಬಸ್ಸು. ಪೆಟ್ಟು ಬಿದ್ದಾಗ ಹೆಲ್ಮೆಟ್ ಹಾಕಿದ್ದರೆ ಅದು ಹೊರಗೆ ಚೆನ್ನಾಗಿ ಕಂಡರೂ ಎಸೆಯಿರಿ, ಒಳಗಿನ ಥರ್ಮಾಕೋಲ್ ಒಮ್ಮೆ ಅದುಮಿದ ಮೇಲೆ ಮತ್ತೆ ಉಬ್ಬುವುದಿಲ್ಲ.

ಮತ್ತೆ ಡಾಕ್ಟರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ. "ಹಂಗೇ ಇದೆ ಡಾಕ್ಟ್ರೇ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ನನ್ನದರಲ್ಲಿ ಹತ್ತನೇ ವಾರದ ಒಂದು ಪುಟ ಹೀಗಿದೆ: "ಶನಿವಾರ. ಬೆಳಿಗ್ಗೆ 1. ಅರ್ಧ ಗಂಟೆ ನಡಿಗೆ, ತೋಟದವರೆಗೆ, 1. ಸೊಸೈಟಿ ಎರಡು ಗಂಟೆ ಆದ ಮೇಲೆ 3, ಹೊರಗೆ ಕೂತೆ, 2. ಮಧ್ಯಾಹ್ನ ಮಲಗಿದ್ದು ಇಪ್ಪತ್ತು ನಿಮಿಷ. ಸಂಜೆ ಮಗಳ ಜೊತೆ ಮಗ್ಗಿ. ಮಾತ್ರೆ ಇಲ್ಲ."